ಅವಸರವಿರಲಿಲ್ಲ

ನನಗೆ ಹಿಂದಿ ಬರುತ್ತದೆ ಎಂದು ಜಂಬ ಕೊಚ್ಚಿಕೊಂಡವಳು ನಾನೇ. ಬೆಂಗಳೂರಿನಲ್ಲಿ ಹಿಂದಿ ಪರೀಕ್ಷೆಗಳನ್ನೆಲ್ಲ ಉರು ಹೊಡೆದು ಫಸ್ಟ್ ಕ್ಲಾಸಿನಲ್ಲಿ ಪಾಸು ಮಾಡಿದ್ದೆ. ಮಾತಾಡಿದ್ದು ಮಾತ್ರ ಅಷ್ಟಕ್ಕಷ್ಟೆ.

ಎಂಬತ್ತೊಂಬತ್ತರಲ್ಲಿ ನಾವು ಹೇವರ್ಡ್‌ನ ಅಪಾರ್ಟ್‌ಮೆಂಟಿನಲ್ಲಿದ್ದೆವು. ನಾನು ಬರ್ಕ್ಲಿಗೆ ಕೆಲಸಕ್ಕೆ ಹೋದಾಗ ಮಗಳನ್ನು ನೋಡಿಕೊಳ್ಳುತ್ತಿದ್ದವರು ಪಕ್ಕದ ಮನೆಯ ಫಿಜಿಯ ಹೆಂಗಸು. ವಯಸ್ಸು ಅರವತ್ತು ದಾಟಿತ್ತು. ಅವರ ಅಜ್ಜ ಕಬ್ಬಿನ ಗದ್ದೆಯ ಕೂಲಿಗೆಂದು ಭಾರತದಿಂದ ಹಡಗು ಹತ್ತಿ ಆ ದ್ವೀಪಕ್ಕೆ ಹೋದವರಂತೆ. ಎರಡು ವರ್ಷದ ಹಿಂದೆ ಅಲ್ಲಿ ಸೈನ್ಯ ಸರಕಾರವನ್ನು ಕಿತ್ತುಕೊಂಡಿತ್ತು. ಭಾನುವಾರ ಜನ ಸೇರಬಾರದೆಂದು ಹುಕುಂ ಆಯಿತು. ಇವರ ಗಂಡ ಭಾನುವಾರವೇ ಮನೆಯಲ್ಲಿ ರಾಮಾಯಣ ಓದಿಸಿದರು. ಸೈನಿಕರು ಎಳೆದುಕೊಂಡು ಹೋಗಿ, ಮೂರು ದಿನ ಹೊಡೆದು ಬಿಟ್ಟರು. ತಿಂಗಳೊಳಗೆ ತೀರಿಕೊಂಡರು. ಇಷ್ಟನ್ನು ಆಕೆ ರೋಟಿ ಲಟ್ಟಿಸುತ್ತಲೇ ಹೇಳಿದ್ದರು.

ಅಮೆರಿಕದಲ್ಲಿ ಆಶ್ರಯ ಬೇಡಿ ಅವರು ಅರ್ಜಿ ಹಾಕಿದ್ದರು. ಇಂಟರ್‌ವ್ಯೂಗೆ ದುಭಾಷಿ ಬೇಕಿತ್ತು. "ನಾನೇ ಬರ್ತೀನಿ ಅಂದ್ಬಿಟ್ಟೆ, ಅದೇನು ಮಹಾ!" ಎಂದು ಗಂಡನ ಮುಂದೆ ಕೊಚ್ಚಿಕೊಂಡೆ.

"ಗಂಡ ಸತ್ತ ಮೇಲೂ ಐದು ತಿಂಗಳು ಅಲ್ಲೇ ಯಾಕಿದ್ದಿರಿ?" ಎಂದು ಆಫೀಸರು ಕೇಳಿದ. ಮನೆಯಲ್ಲಿ ಫಿಜಿಯ ಆಡುಹಿಂದಿ ಮಾತಾಡುವ ಆಕೆ, ಸರಕಾರದವರ ಎದುರು ಪುಸ್ತಕದ ಹಿಂದಿಗೆ ಏರಿಬಿಟ್ಟರು. "ನಿಕಲ್‌ನೇ ಕಾ ಅವಸರ್ ನಹೀ ಥಾ."

ಹೊರಡಲು ಅವಸರವೇನೂ ಇರಲಿಲ್ಲವಂತೆ ಎಂದು ನಾನು ಇಂಗ್ಲಿಷಿನಲ್ಲಿ ಹೇಳಿದೆ. ಆತ ತಲೆಯೆತ್ತಿ, "ಆರ್ ಯೂ ಶೂರ್?" ಎಂದ. "ಯೆಸ್" ಎಂದೆ. ಬರೆದುಕೊಂಡ.

ಕೆಲವು ವಾರಗಳಾದ ಮೇಲೆ ಕಾಗದ ಬಂತು. ಅರ್ಜಿ ತಿರಸ್ಕಾರವಾಗಿತ್ತು. ದೇಶ ಬಿಡುವ ಅವಸರವಿರಲಿಲ್ಲ ಎಂದು ಅರ್ಜಿದಾರರೇ ಹೇಳಿದ್ದಾರೆ, ಆದ್ದರಿಂದ ಪ್ರಾಣಭಯವಿತ್ತೆಂದು ನಂಬಲಾಗದು. ನಾನು ಅದನ್ನು ಹಿಂದಿಯಲ್ಲಿ ಓದಿ ಹೇಳಿದೆ. ಇಂಗ್ಲಿಷಿನ ಹರ್ರಿ ಇದ್ದಲ್ಲಿ ಜಲ್ದಿ ಎಂದೆ.

"ಜಲ್ದಿ ಇರಲಿಲ್ಲ ಅಂತ ನಾನೆಲ್ಲಿ ಹೇಳಿದೆ?" ಎಂದರು ಆಕೆ. "ಪಾಸ್‌ಪೋರ್ಟ್ ಸೈನಿಕರ ಹತ್ತಿರ ಇತ್ತು ಬೇಟೀ. ಮೌಕಾ ಹೀ ನಹೀ ಥಾ. ಅವಸರ್ ನಹೀ ಥಾ."

ಮೌಕಾ ಎಂದರೆ ಅವಕಾಶ. ಅದು ನನಗೆ ಸಿನಿಮಾ ನೋಡಿ ಗೊತ್ತು. ಹಿಂದಿಯ ಅವಸರ್ ಎಂದರೂ ಅದೇ. ಅಲ್ಲಿ ನಮ್ಮ ಕನ್ನಡದ ಅವಸರವನ್ನು ತುರುಕಿ ಬಂದವಳು ನಾನು, ಮಹಾ ಪಂಡಿತೆ! ಅಳು ಬರಲಿಲ್ಲ, ನಾಚಿಕೆಯೂ ಆಗಲಿಲ್ಲ. ಹಲ್ಲು ಕೀಳಿಸುವ ಮುಂಚೆ ಇಂಜೆಕ್ಷನ್ ಕೊಟ್ಟ ದವಡೆಯ ಹಾಗೆ ಮೈಯೆಲ್ಲ ಜೋಮು ಹಿಡಿದಿತ್ತು.

ಕಾಗದದ ಕೊನೆಯಲ್ಲಿ ಇನ್ನೊಂದು ಸಾಲಿತ್ತು. ಹೇಳಿಕೆಯಲ್ಲಿ ತಪ್ಪಿದ್ದರೆ ತಿಂಗಳೊಳಗೆ ತಿಳಿಸಬಹುದು. ತಪ್ಪು ನನ್ನದು ಎಂದು ನಾನು ಬರೆದುಕೊಟ್ಟಿದ್ದರೆ ಇನ್ನೊಮ್ಮೆ ಕೇಳುತ್ತಿದ್ದರು. ಆದರೆ ನಮ್ಮ ಗ್ರೀನ್ ಕಾರ್ಡಿನ ಅರ್ಜಿಯೂ ಅದೇ ಆಫೀಸಿನಲ್ಲಿತ್ತು. ಆ ಸಾಲನ್ನು ನಾನು ಓದಿ ಹೇಳಲಿಲ್ಲ.

ಆಕೆಯೇ ನನ್ನ ಕೈ ಹಿಡಿದುಕೊಂಡರು. "ನಮ್ಮದು ಕೂಲಿಗಳ ಹಿಂದಿ. ಓದಿದವಳಿಗೆ ಹೇಗೆ ತಿಳೀಬೇಕು? ತಪ್ಪು ನನ್ನದೇ, ಅಲ್ವಾ ಬೇಟೀ?"

"ಹಾಂ" ಎಂದೆ.