ತಾಮ್ರದ ತಪೇಲಿಯ ರೇಡಿಯೊ

ಐವತ್ತೈದನೆಯ ಇಸವಿಯಲ್ಲಿ ನರಗುಂದದ ಗುಡ್ಡದ ಬುಡದ ನಮ್ಮ ಓಣಿಗೆ ಕರೆಂಟು ಬಂದಿರಲಿಲ್ಲ. ಆದರೆ ಅನಸೂಯಾಬಾಯಿಯವರ ಅಡುಗೆಮನೆಗೆ ರೇಡಿಯೊ ಬಂದಿತ್ತು. ಸಣ್ಣ ವಯಸ್ಸಿನಲ್ಲೇ ಗಂಡ ತೀರಿಕೊಂಡಾಗ ಹಿರಿಯರು ಬಾಯಿಯವರ ತಲೆ ಬೋಳಿಸಿ ಕೆಂಪು ಸೀರೆ ಉಡಿಸಿದ್ದರು. ನಾಲಗೆ ಬೋಳಿಸುವ ಕತ್ತಿ ಮಾತ್ರ ಯಾರ ಹತ್ತಿರವೂ ಇರಲಿಲ್ಲ. ಅವರ ಹಿತ್ತಲಲ್ಲಿ ಇಪ್ಪತ್ತು ವರ್ಷ ಪಾತ್ರೆ ತಿಕ್ಕಿದವಳು ನಾನು, ಕಂಡದ್ದನ್ನು, ಕೇಳಿದ್ದನ್ನೇ ಹೇಳುತ್ತೇನೆ.

ರೇಡಿಯೊ ಮಾಡಿಕೊಟ್ಟವರು ಅವರ ಮನೆಯ ಮುಂದಿನ ಖೋಲಿಯಲ್ಲಿ ಬಾಡಿಗೆಗಿದ್ದ ಗುರುರಾಜ ಮಾಸ್ತರರು. ಒಂದು ಕಟ್ಟಿಗೆ ಪೆಟ್ಟಿಗೆ, ಸುರುಳಿ ಸುತ್ತಿದ ತಂತಿ, ಕಡಲೆಯಷ್ಟು ದೊಡ್ಡ ಹೊಳೆಯುವ ಹರಳು, ಇಷ್ಟೇ. ಮಾಳಿಗೆಯಿಂದ ಬೇವಿನ ಮರಕ್ಕೆ ಎಳೆದ ಉದ್ದ ತಂತಿ ಧಾರವಾಡದ ಆಕಾಶವಾಣಿಯನ್ನು ಹಿಡಿದು ತರುತ್ತಿತ್ತು. ಬ್ಯಾಟರಿ ಬೇಡ, ಬಂದ್ ಮಾಡುವ ಗುಂಡಿಯೂ ಇಲ್ಲ. ಅಲ್ಲಿ ಹಾಡಿದರೆ ಇಲ್ಲಿ ಹಾಡುತ್ತಿತ್ತು. ಕಿವಿಗೆ ಹಚ್ಚಿಕೊಳ್ಳುವ ಬಿಲ್ಲೆಯನ್ನು ಬಾಯಿಯವರು ತಾಮ್ರದ ತಪೇಲಿಯೊಳಗೆ ಇಟ್ಟಿದ್ದರು. ಹಾಗೆ ಇಟ್ಟರೆ ದನಿ ಒಲೆಯ ತನಕ ಬರುತ್ತಿತ್ತು, ಮುಂದಕ್ಕಿಲ್ಲ.

ಸುರುಳಿಯ ತಂತಿಗೆ ಮೊದಲು ನೂಲಿನ ಹೊದಿಕೆ ಇತ್ತು.

“ನೂಲು ಮೈಲಿಗಿ ಹಿಡೀತದ, ಮಾಸ್ತರ. ರೇಶಿಮಿ ಹಿಡಿಯೂದಿಲ್ಲ” ಎಂದು ಬಾಯಿಯವರು ಹಟ ಹಿಡಿದರು. ಮಾಸ್ತರರು ಹುಬ್ಬಳ್ಳಿಯಿಂದ ರೇಶ್ಮೆ ಹೊದಿಕೆಯ ತಂತಿ ತರಿಸಿ ಹೊಸದಾಗಿ ಸುತ್ತಿಕೊಟ್ಟರು. ಹೀಗೆ ರೇಡಿಯೊ ಮಡಿಯಾಯಿತು. ಆಮೇಲೆ ಅದನ್ನು ಮಡಿ ಉಡದವರು ಯಾರೂ ಮುಟ್ಟುವಂತಿರಲಿಲ್ಲ, ಮಾಡಿದ ಮಾಸ್ತರರು ಕೂಡ.

ಆ ಕಾಲಕ್ಕೆ ರೇಡಿಯೊ ಇಟ್ಟುಕೊಳ್ಳಲು ಪೋಸ್ಟಿನ ಲೈಸೆನ್ಸ್ ಬೇಕಿತ್ತು. ಇಲ್ಲದಿದ್ದರೆ ಜಪ್ತು. ಬಾಯಿಯವರ ಹತ್ತಿರ ಲೈಸೆನ್ಸ್ ಇರಲಿಲ್ಲ. ಮದುವೆಮನೆಯ ಸನಾದಿ ಕೇಳಲು ಹೋದರೂ ‘ಎದುರಿಗೆ ಬರಬ್ಯಾಡ’ ಅನ್ನಿಸಿಕೊಂಡವರು ಅವರು. ಅವರ ಮುಂದೆ ಕೂತು ಹಾಡುತ್ತಿದ್ದದ್ದು ಆ ತಪೇಲಿ ಒಂದೇ.

ಒಂದು ಮಧ್ಯಾಹ್ನ ಪೋಸ್ಟಿನ ಲೈಸೆನ್ಸ್ ತಪಾಸಣೆಯ ಅನಂತರಾಯರು ತೊಗಲಿನ ಚೀಲ ಹಿಡಿದು ಬಾಗಿಲಲ್ಲಿ ನಿಂತರು.

“ಬಾಯಾರ, ಬೇವಿನ ಗಿಡಕ್ಕ ಕಟ್ಟಿದ ತಂತಿ ಯಾತರದ್ರಿ?”

“ಮಡಿ ಸೀರಿ ಒಣಗಿಸೂದ್ರಿ. ಬಿಸಲಾಗ ನಿಂತು ನೀವೂ ಒಣಗಲಿಕ್ಕತ್ತೀರಿ. ಒಳಗ ಬರ್ರಿ, ಊಟಾ ಮಾಡ್ರಿ.”

ಊಟದ ಹೊತ್ತಿಗೆ ಬಂದವರನ್ನು ಹಸಿದು ಕಳಿಸುವ ರೂಢಿ ಆ ಮನೆಯಲ್ಲಿ ಇರಲಿಲ್ಲ. ತಪ್ಪಿದ್ದು ಅಲ್ಲೇ. ರಾಯರು ಅಂಗಿ ಕಳಚಿ ಪಡಸಾಲೆಯಲ್ಲಿ, ಒಲೆಯ ಮಗ್ಗುಲ ಬಾಗಿಲಿಗೇ ಹತ್ತಿ ಹಾಕಿದ ಎಲೆಯ ಮುಂದೆ ಕೂತು, ಬಡಿಸಿದ ಅನ್ನದ ಅಗುಳು ತೆಗೆದು ಚಿತ್ರಾಹುತಿ ಇಟ್ಟರು. ಅವರದು ಮೌನದ ಊಟ, ಕೈ ತೊಳೆಯುವ ತನಕ ಮಾತಿಲ್ಲ, ಏಳುವುದಿಲ್ಲ. ಬಾಯಿಯವರು ಅನ್ನ ಬಡಿಸಿ ಒಳಗೆ ಕಾಲಿಟ್ಟರೋ ಇಲ್ಲವೋ, ಮಧ್ಯಾಹ್ನದ ಪ್ರಸಾರ ಶುರುವಾಗಿ ತಪೇಲಿ ತನ್ನ ಹೆಸರು ಹೇಳಿಬಿಟ್ಟಿತು: “ಆಕಾಶವಾಣಿ, ಧಾರವಾಡ.”

ಬಿಲ್ಲೆ ತೆಗೆದು ಸೆರಗಲ್ಲಿ ಸುತ್ತಿದ್ದರೆ ಮುಗಿಯುತ್ತಿತ್ತು. ಆದರೆ ಅನ್ನ ಬಡಿಸಿದ ಕೈ ಮುಸುರೆ, ತೊಳೆಯದೆ ಬೇರೆ ಏನನ್ನೂ ಮುಟ್ಟುವಂತಿಲ್ಲ. ನೀರು ಹಿತ್ತಲಲ್ಲಿತ್ತು. ಜನ್ಮದಲ್ಲಿ ನೇಮ ಮುರಿಯದ ಕೈ ಆಗಲೂ ಮುರಿಯಲಿಲ್ಲ. ಅವರು ಕೈ ಮೇಲೆತ್ತಿಕೊಂಡು ನಿಂತೇ ಇದ್ದರು, ತಪೇಲಿ ಹಾಡು ಶುರು ಮಾಡಿತು.

“ಹ್ಞೂಂ! ಹ್ಞೂಂ!” ಎಂದು ರಾಯರು ಎಡಗೈಯಿಂದ ಅಡುಗೆಮನೆ ತೋರಿಸಿದರು.

“ಸಾರು ಬೇಕೇನ್ರಿ?” ಎಂದರು ಬಾಯಿಯವರು.

ಅಷ್ಟರಲ್ಲಿ ಹಿತ್ತಲ ಕಿಟಕಿಗೆ ಕಿವಿ ಹಚ್ಚಿ ನಿಂತಿದ್ದ ನೆರೆಮನೆಯ ಹಸನಬಿ ಕೂಗಿದಳು: “ಬಾಯಾರ, ತಪೇಲಿ ಬಾಯಿ ಈ ಕಡಿ ತಿರುವ್ರಿ, ಹಾಡ ಸಣ್ಣಗ ಕೇಳಾಕತ್ತೈತಿ!”

ರಾಯರು ಸಾರು, ಹುಳಿ, ಮಜ್ಜಿಗೆ ಎಲ್ಲವನ್ನೂ ಹಾಡಿನ ಜೊತೆಗೇ ಉಂಡರು. ಕೈ ತೊಳೆದದ್ದೇ ತಡ ಬಾಯಿ ಬಿಟ್ಟರು.

“ಜಪ್ತ ಮಾಡಬೇಕಾಗ್ತದ್ರಿ.”

“ಒಲಿ ದಾಟದ ದನಿಗೆ ಎಂಥಾ ಲೈಸನ್ಸರೀ?”

“ಎಲ್ಲಿ ತನಕಾ ಹೋಗ್ತದ ಅಂತಲ್ರಿ, ಎಲ್ಲಿಂದ ಬರ್ತದ ಅಂತ ಕೇಳೂದು ಸರ್ಕಾರ.”

“ಹಂಗಾರ ಎದರ ಮನಿ ಹೊನ್ನವ್ವನ ಬೈಗಳಾ ದಿನಾ ಗ್ವಾಡಿ ದಾಟಿ ಬರ್ತಾವ. ಅವಕ್ಕೂ ಒಂದ ಲೈಸನ್ಸ ಬರದ ಕೊಡ್ರಿ.”

“ಚ್ಯಾಷ್ಟಿ ಬ್ಯಾಡ್ರಿ. ಪೆಟಗಿ ಕೊಡ್ರಿ.”

“ತೊಗೋರಿ. ಆದರ ಮಡೀಲೆ ಬರ್ರಿ. ಬಾವಿ ಹಿತ್ತಲದಾಗ ಅದ.”

ರಾಯರೂ ನೇಮದ ಮನೆಯವರೇ. ಉಂಡ ಹೊಟ್ಟೆಯಲ್ಲಿ ತಣ್ಣೀರು ಸುರುವಿಕೊಂಡು, ಒದ್ದೆ ಪಂಚೆಯಲ್ಲಿ ನಡುಗುತ್ತ ಪೆಟ್ಟಿಗೆಯನ್ನು ಪಡಸಾಲೆಗೆ ತಂದರು. ತಂದವರು ತಮ್ಮ ಚೀಲದ ಮುಂದೆ ಗಕ್ಕನೆ ನಿಂತರು. ಮಡಿಯಲ್ಲಿ ತೊಗಲು ಮುಟ್ಟುವಂತಿಲ್ಲ. ಮಡಿ ಬಿಟ್ಟರೆ ಪೆಟ್ಟಿಗೆ ಮುಟ್ಟುವಂತಿಲ್ಲ.

“ಮಡಿ ಸಾಮಾನ ತೊಗಲಿನ ಚೀಲಕ್ಕ ಹಾಕಿದ ಪಾಪಾ ಸರ್ಕಾರ ಹೊರತದೋ, ನೀವ ಹೊರತೀರೋ? ನಿಮ್ಮ ತಾಯಿ ಅದಾರಲ್ಲ, ಕೇಳಿ ಬರ್ರಿ” ಎಂದರು ಬಾಯಿಯವರು.

ಹಿತ್ತಲ ಬಾಗಿಲಲ್ಲಿ ನಿಂತಿದ್ದ ನಾನು ನಗು ತಡೆಯಲು ಸೆರಗು ಬಾಯಿಗೆ ತುರುಕಿಕೊಂಡೆ. ರಾಯರು ಪೆಟ್ಟಿಗೆಯನ್ನು ಒಲೆಯ ಪಕ್ಕಕ್ಕೇ ಒಯ್ದಿಟ್ಟರು. ಎಂಟು ದಿನದೊಳಗೆ ಲೈಸೆನ್ಸ್ ತೆಗೆಸಬೇಕೆಂದು ಹೇಳಿ ಹೋದರು.

ಮಾಸ್ತರರು ಅರ್ಜಿ ತುಂಬಿದರು, ಲೈಸೆನ್ಸ್ ಬಂತು. ಅನಸೂಯಾಬಾಯಿ ಎಂಬ ಹೆಸರು ಸರ್ಕಾರದ ಕಾಗದದ ಮೇಲೆ ಬಂದದ್ದು ಅದೇ ಮೊದಲು. ಕಾಗದವೂ ಮೈಲಿಗೆಯಂತೆ, ಬಾಯಿಯವರು ಮುಟ್ಟಲಿಲ್ಲ. ಓದಲು ಬಾರದ ನಾನು ಅದನ್ನು ಹಿತ್ತಲ ಗೂಡಿನಲ್ಲಿ ಜೋಪಾನ ಮಾಡಿದೆ.

ಮರುವರ್ಷ ಅನಂತರಾಯರು ತಪಾಸಣೆಗೆ ಮತ್ತೆ ಬಂದರು, ಸರಿಯಾಗಿ ಊಟದ ಹೊತ್ತಿಗೆ, ಈ ಸಲ ಬಟ್ಟೆಯ ಚೀಲ ಹಿಡಿದು. ನಾನು ಹಿತ್ತಲಿಗೆ ಓಡಿದೆ. ಗೂಡಿನಿಂದ ಲೈಸೆನ್ಸ್ ತೆಗೆದು ಹಿಡಿದೆ. ರಾಯರು ಅದರ ಕಡೆ ನೋಡಲೇ ಇಲ್ಲ. ಚೀಲದಿಂದ ಒಣ ಪಂಚೆ ತೆಗೆದು, ಯಾರೂ ಹೇಳದೆ ಬಾವಿಯ ಕಡೆ ನಡೆದರು. ಎಲೆಯ ಮುಂದೆ ಕೂತು, ಚಿತ್ರಾಹುತಿ ಇಡುವ ಮೊದಲು, ಒಳಗೆ ಹಣಿಕಿ ಹೇಳಿದರು:

“ಬಾಯಾರ, ತಪೇಲಿ ಬಾಯಿ ಒಂದೀಟು ಈ ಕಡಿ ತಿರುವ್ರಿ.”