ಜಮಖಾನ ಹಾಸಿದ ಪಡಸಾಲೆ

ಹಸೀನಾಬಿ, ಆ ಕಟ್ಟಡ ಬೀಳಲು ಕಾರಣ ನಾನು. ನಿಮಗೆ ಗೊತ್ತಿಲ್ಲ — ಗೊತ್ತಾಗದಂತೆ ನೋಡಿಕೊಂಡೆ.

ಎಂಬತ್ತರ ದಶಕ. ನವಲಗುಂದದ ಪೇಟೆ ರಸ್ತೆ ಅಗಲ ಮಾಡುವ ಮೊದಲು, ಮೂವತ್ತು ವರ್ಷ ಹಿಂದಿನ ಕಟ್ಟಡಗಳಲ್ಲಿ ಯಾವುದು ಉಳಿಯಬೇಕೆಂದು ಅಂಕ ಕೊಡಲು ಹುಬ್ಬಳ್ಳಿಯಿಂದ ನನ್ನನ್ನು ಕಳಿಸಿದ್ದರು. ರೂಪಕ್ಕೆ ಇಷ್ಟು, ಬೀದಿಯೊಂದಿಗಿನ ಸಂಬಂಧಕ್ಕೆ, ಅಂದರೆ ಬೀದಿಯ ಜನಕ್ಕೆ ಅದು ಹೇಗೆ ಒದಗುತ್ತದೆ ಎಂಬುದಕ್ಕೆ, ಇಷ್ಟು. ಹತ್ತಿ ವ್ಯಾಪಾರಿಗಳು ಕಟ್ಟಿಸಿದ ಆ ಕಟ್ಟಡದ ಹಜಾರದೊಳಗೆ ಕಾಲಿಟ್ಟಾಗ — ಬೆಳಗಿನ ಹೊತ್ತು ಎನ್ನುತ್ತದೆ ನೆನಪು, ನೆನಪನ್ನು ನಾನು ನಂಬುವುದಿಲ್ಲ — ನಡುವೆ ಒಂದೂ ಕಂಬವಿಲ್ಲದೆ ಬಾಗಿ ನಿಂತ ಕಾಂಕ್ರೀಟಿನ ಚಾವಣಿ. ಬೆಳಕು ಅದರ ಹೊಟ್ಟೆಯ ಮೇಲೆ ನೀರಿನ ಹಾಗೆ ಹರಿಯುತ್ತಿತ್ತು. ನನ್ನ ಉಸಿರು ನನಗೇ ತಿರುಗಿ ಕೇಳಿಸಿತು.

ಹೊರಗೆ, ಬಡಗಣ ಪಡಸಾಲೆಯಲ್ಲಿ, ನೀವು. ಮನೆಯ ಕತ್ತಲಲ್ಲಿ ನೇಯ್ದ ಜಮಖಾನಗಳನ್ನು ಅಲ್ಲಿ ಹಾಸುತ್ತಿದ್ದಿರಿ. ನೇರ ಬಿಸಿಲು ಬೀಳದ ಆ ಬೆಳಕಿನಲ್ಲಿ ಬಣ್ಣ ನೋಡಿಯೇ ಕೊಳ್ಳುವವರು ಕೊಳ್ಳುತ್ತಿದ್ದರು. ಸಂತೆಗೆ ಹೊರಟವರು ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ಜಮಖಾನಗಳ ಅಂಚಿನಲ್ಲಿ ಸಾಗುತ್ತಿದ್ದರು. ದೇವರಿಲ್ಲದ ಕಡೆ, ಯಾರೂ ಹೇಳದೆ! ಇಂಥ ಬೀದಿಯನ್ನು ನಾನೆಲ್ಲೂ ಕಂಡಿರಲಿಲ್ಲ. ನಾನೂ ಕಳಚಿದೆ.

“ಕಟ್ಟಡಕ್ಕೂ ಪರೀಕ್ಷಾ ಏನ್ರಿ ಸಾಹೇಬ್ರ?” ಎಂದು ನಕ್ಕಿರಿ. “ಹಂಗಿದ್ರ ಪಾಸ್ ಮಾಡಿಬಿಡ್ರಿ. ಇದು ಹೋದ್ರ ನಮ್ಮ ಕೆಂಪು ಯಾವ ಬೆಳಕಿನ್ಯಾಗ ತೋರಸೂಣ್ರಿ?”

ಪಾಸಾಗುತ್ತದೆ ಎಂದೆ. ಆಗ ಅದು ಸುಳ್ಳಾಗಿರಲಿಲ್ಲ.

ಹುಬ್ಬಳ್ಳಿಗೆ ಮರಳಿ ಮೇಲಧಿಕಾರಿಗೆ ಆ ಚಾವಣಿಯ ಮಾತು ತೆಗೆದೆ. “ಏನಲೇ, ಹತ್ತಿ ಗೋದಾಮು ನೋಡಿ ಅಗದಿ ಮರುಳಾಗಿ ಬಂದೀಯಲ್ಲ,” ಎಂದರು. ಪಕ್ಕದ ಮೇಜಿನವರೂ ನಕ್ಕರು. ಅಷ್ಟೇ. ಆ ನಗೆಗೆ ಹೆದರಿ — ಹೆದರಿಕೆಯೋ, ಜಾಣನೆನಿಸಿಕೊಳ್ಳುವ ಆಸೆಯೋ — ಬೀದಿಯ ಸಂಬಂಧಕ್ಕೆ ಸೊನ್ನೆ ಹಾಕಿದೆ. ಜಮಖಾನ ಹಾಸಿ ಪಾದಚಾರಿಗಳಿಗೆ ಅಡ್ಡಿ, ಎಂದು ಕಾರಣ ಕೊಟ್ಟೆ. ತಿಳಿಯದೆ ಮಾಡಿದೆನೆಂದು ಎಷ್ಟೋ ವರ್ಷ ನನಗೇ ಹೇಳಿಕೊಂಡೆ. ಇಲ್ಲ. ಅಡ್ಡಿಯಲ್ಲವೆಂದು ನನ್ನ ಬರಿಗಾಲಿಗೆ ಗೊತ್ತಿತ್ತು.

ಆ ಸೊನ್ನೆಯಿಂದಲೇ ಕಟ್ಟಡ ಉಳಿಯುವವುಗಳ ಪಟ್ಟಿ ಸೇರಲಿಲ್ಲ. ಅದನ್ನು ಕೆಡವಿದ ಮೇಲೆ ನವಲಗುಂದದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿರಿ. ಹೆಗಲ ಮೇಲೆ ಮಡಚಿದ ಜಮಖಾನ. ಕತ್ತಲ ಮನೆಗೆ ಕೊಳ್ಳುವವರು ಬರುವುದಿಲ್ಲ, ಹುಬ್ಬಳ್ಳಿಗೆ ಹೊತ್ತೊಯ್ಯುತ್ತಿದ್ದೇನೆ ಎಂದಿರಿ. ನನ್ನ ಮುಖ ಹೇಗಿತ್ತೋ — ನೀವೇ ಸಮಾಧಾನ ಹೇಳಿದಿರಿ.

“ನಿಮ್ಮ ಕೈಯಾಗ ಏನಿತ್ರಿ ಸಾಹೇಬ್ರ, ಬಿಡ್ರಿ.”

“ಹೌದ್ರಿ,” ಎಂದೆ.

ಕೈಯಲ್ಲೇ ಇತ್ತು, ಹಸೀನಾಬಿ.