ಹಗ್ಗ ಕಟ್ಟಿ ಎಳೆದ ಗಾಡಿ

ನನ್ನ ಅಕ್ಕನ ಎಡಗಾಲು ಚಿಕ್ಕಂದಿನಲ್ಲೇ ಪೋಲಿಯೋ ಬಂದು ಸೊರಗಿತ್ತು. ಕ್ಲಚ್ ಒತ್ತುವ ಗಾಡಿ ಅವಳಿಂದ ಆಗುವ ಮಾತಲ್ಲ. ಅಂಬಿಕಾನಗರದ ಕಾಲೊನಿಯಿಂದ ವರ್ಗವಾಗಿ ಹೊರಟಿದ್ದವರೊಬ್ಬರ ಹಳೆಯ ಆಟೋಮ್ಯಾಟಿಕ್ ಕಾರನ್ನು ಅವಳೇ ಹೋಗಿ ನೋಡಿ, ಅವಳೇ ಕೊಂಡಳು. ಗೇರು ತಾನಾಗಿಯೇ ಬೀಳುವ ಗಾಡಿ; ಬಲಗಾಲೊಂದಿದ್ದರೆ ಸಾಕು. ಅವಳು ಮನೆಯಲ್ಲಿ ಹೊಲಿದ ಲಂಗ, ಫ್ರಾಕುಗಳನ್ನು ಅಲ್ಲಿಯವರೆಗೆ ನಾನು ಬಿಡುವಾದಾಗ ಅಂಗಡಿಗಳಿಗೆ ಮುಟ್ಟಿಸುತ್ತಿದ್ದೆ. ಗಾಡಿ ಬಂದ ಮೇಲೆ ಹಳಿಯಾಳದಿಂದ ಮುಂಡಗೋಡಕ್ಕೆ, ದಾಂಡೇಲಿಗೆ, ಜೋಯಿಡಾಕ್ಕೆ ಅವಳೊಬ್ಬಳೇ ಹೋಗಿ ಬರತೊಡಗಿದಳು. ಒಮ್ಮೆ ದಾರಿ ಬಿಟ್ಟು ಅತ್ತಿವೇರಿ ಪಕ್ಷಿಧಾಮಕ್ಕೆ ಹೋಗಿ, ನೀರಿನ ದಂಡೆಯಲ್ಲಿ ಕೂತು ಬುತ್ತಿ ಉಂಡು ಬಂದಿದ್ದಳು. ಆ ಸಂಗತಿಯನ್ನು ವಾರವಿಡೀ ಹೇಳಿದಳು.

ನಾನು ಏಳನೆಯ ತರಗತಿಗೆ ಶಾಲೆ ಬಿಟ್ಟು ಗ್ಯಾರೇಜು ಸೇರಿದವನು; ಈಗ ಮನೆಯ ಮುಂದೆಯೇ ನನ್ನದೊಂದು ಗ್ಯಾರೇಜು. ಜೀಪು, ಟೆಂಪೊ, ಟ್ರ್ಯಾಕ್ಟರು ಬಲ್ಲೆ. ಆಟೋಮ್ಯಾಟಿಕ್ ಗೇರನ್ನು ಎಂದೂ ಬಿಚ್ಚಿದವನಲ್ಲ. ಹಾಗಂತ ಯಾರ ಮುಂದೆಯೂ ಒಪ್ಪಿಕೊಂಡವನೂ ಅಲ್ಲ.

ಗಾಡಿ ಮೊದಲು ಏರಿನಲ್ಲಿ ಕಾಡತೊಡಗಿತು. "ಗೇರ್ ಲಗೂನ ಬೀಳವಲ್ದೋ ತಮ್ಮಾ. ಇಂಜಿನ್ ಒದರತೈತಿ, ಗಾಡಿ ಮುಂದ ಹೋಗವಲ್ದು" ಎಂದಳು ಅಕ್ಕ.

"ನಿನ್ನ ಕಾಲ ಭಾರ ಆತು. ಅಷ್ಟ ಜೋರ ಒತ್ತಬ್ಯಾಡ."

"ಇರೂದ ಒಂದ ಕಾಲು, ಅದನ್ನೂ ಬೈತೀಯೇನ?" ಎಂದು ನಕ್ಕಳು.

ಗಾಡಿ ನಿಲ್ಲುವ ಜಾಗದಲ್ಲಿ ಕೆಂಪು ಎಣ್ಣೆಯ ಕಲೆ ಇತ್ತು. ನಾನು ನೋಡಿದ್ದೆ. ಇಂಜಿನ್ ಬಂದ್ ಮಾಡಿ, ಗೇರಿನ ಎಣ್ಣೆ ಅಳೆಯುವ ಕಡ್ಡಿ ಎಳೆದು ನೋಡಿದರೆ ಎಣ್ಣೆ ಗುರುತಿನ ತನಕ ಇತ್ತು. ಅಕ್ಕ ಗಾಡಿಯ ಪುಸ್ತಕ ಹಿಡಿದುಕೊಂಡು ಬಂದಳು. ಅವಳು ನನಗಿಂತ ಹೆಚ್ಚು ಓದಿದವಳು.

"ಇದರಾಗ ಇಂಜಿನ್ ಚಾಲೂ ಇಟ್ಟು, ಬಿಸಿ ಆದಮ್ಯಾಲ ನೋಡ್ರಿ ಅಂತ ಐತಿ. ನೀ ಬಂದ್ ಮಾಡಿ ನೋಡಿದಿ."

"ಪುಸ್ತಕ ಓದಿ ಗಾಡಿ ರಿಪೇರಿ ಆಗೂದಿದ್ರ ನೀನ ಒಂದ ಗ್ಯಾರೇಜ್ ಹಾಕು" ಎಂದೆ. ಪಕ್ಕದಲ್ಲಿದ್ದ ಗಿರಾಕಿಗಳು ನಕ್ಕರು. ಅವಳು ಪುಸ್ತಕ ಮುಚ್ಚಿ ಒಳಗೆ ಹೋದಳು.

ಇಂಜಿನ್ ನಿಂತಾಗ ಮೇಲಿನ ಎಣ್ಣೆಯೆಲ್ಲ ಕೆಳಕ್ಕಿಳಿದು ಕಡ್ಡಿ ತುಂಬಿದಂತೆ ತೋರಿಸುತ್ತದೆ ಎನ್ನುವುದು ನನಗೆ ಆಗ ತಿಳಿದಿರಲಿಲ್ಲ. ತಿಳಿಯದಿದ್ದುದು ದೊಡ್ಡ ತಪ್ಪಲ್ಲ.

ಕೆಲವೇ ದಿನಗಳಲ್ಲಿ ಜೋಯಿಡಾದ ಏರಿನಲ್ಲಿ ಗಾಡಿ ನಿಂತೇಬಿಟ್ಟಿತು. ಅಕ್ಕ ಫೋನ್ ಮಾಡಿದಳು. ನಾನು ಜೀಪು ತೆಗೆದುಕೊಂಡು ಹೋದೆ. ನಮ್ಮ ಕಡೆ ಕೆಟ್ಟ ಗಾಡಿಗೆ ಹಗ್ಗ ಕಟ್ಟಿ, ನ್ಯೂಟ್ರಲ್‌ಗೆ ಹಾಕಿ ಎಳೆದು ತರುವುದೇ ರೂಢಿ. ಅಕ್ಕನನ್ನು ಸ್ಟೇರಿಂಗ್ ಹಿಡಿಯಲು ಕೂರಿಸಿ ಹಾಗೆಯೇ ಎಳೆದೆ. ಇಂಜಿನ್ ಇಲ್ಲದೆ ಬ್ರೇಕು ಕಲ್ಲಿನಷ್ಟು ಬಿಗಿ. ಇಳುಕಲಿನಲ್ಲಿ ಅವಳು ಆ ಒಂದೇ ಕಾಲಿನ ಮೇಲೆ ಎದ್ದು ನಿಂತಂತೆ ಒತ್ತುವುದು ನನ್ನ ಕನ್ನಡಿಯಲ್ಲಿ ಕಾಣುತ್ತಿತ್ತು. ದಾಂಡೇಲಿ ದಾಟುವಾಗ ಹಾರ್ನ್ ಬಾರಿಸಿ ನಿಲ್ಲಿಸಿದಳು.

"ಕೆಳಗ ಏನೋ ಸುಡಾಕತ್ತೈತಿ. ವಾಸನಿ ಬರವಲ್ದೇನು ನಿನಗ?"

"ಬ್ರೇಕಿನ ವಾಸನಿ ಅಕ್ಕಾ. ಸುಮ್ನ ಕೂಡು."

ಹಳಿಯಾಳದ ತನಕ ಎಳೆದೆ.

ಮರುದಿನ ಟ್ರಕ್ಕಿನ ಮೇಲೆ ಹೇರಿಸಿ ಹುಬ್ಬಳ್ಳಿಗೆ ಒಯ್ದೆ. ಅಂಥ ಗೇರುಗಳ ಕೆಲಸ ಮಾಡುವ ಮೇಸ್ತ್ರಿ ಬಿಚ್ಚಿ ನೋಡಿ ಮುಖ ಸಿಂಡರಿಸಿದ. ಎಣ್ಣೆ ಕರಿಯಾಗಿ ಕಮರು ವಾಸನೆ ಹೊಡೆಯುತ್ತಿತ್ತು.

"ಇದಕ್ಕ ಹಗ್ಗಾ ಕಟ್ಟಿದ ಮಹಾರಾಯ ಯಾವನ್ರೀ? ಇಂಜಿನ್ ಬಂದ್ ಇದ್ರ ಒಳಗ ಎಣ್ಣಿ ಓಡಂಗಿಲ್ಲ. ಒಣಾನ ತಿರುಗಿ ಸುಟ್ಟೈತಿ. ಮೊದಲ ಸೋರೂದ ನಿಲ್ಲಿಸಿ ಎಣ್ಣಿ ಹಾಕಿದ್ರ ಮುಗೀತಿತ್ತು."

"ಯಾರೋ ದಾರ್‍ಯಾಗಿನವ್ರು" ಎಂದೆ.

"ಇರ್ಲಿ, ಹಳೇದೊಂದು ಗೇರ್‌ಬಾಕ್ಸ್ ಹುಡುಕಿ ಕೂಡಸಬಹುದು. ಗಾಡಿ ಯಾರದು? ಅವರ ಕೂಡ ಮಾತಾಡ್ತೇನಿ, ಫೋನ್ ಹಚ್ಚಿ ಕೊಡ್ರಿ."

ಫೋನ್ ನನ್ನ ಕೈಯಲ್ಲೇ ಇತ್ತು. ಅವನು ಮಾತಾಡಿದರೆ, ನಾನು ಹಗ್ಗ ಕಟ್ಟಿ ಎಳೆದದ್ದರಿಂದಲೇ ಗೇರು ಸುಟ್ಟಿತೆಂದು ಅಕ್ಕನಿಗೆ ತಿಳಿಯುತ್ತದೆ. "ಬ್ಯಾಡ್ರಿ, ಅವರು ಗುಜರಿಗೆ ಹಾಕ್ತಾರಂತ" ಎಂದೆ. ಮನೆಗೆ ಬಂದು, "ಒಳಗ ಮೊದಲ ಸತ್ತಿತ್ತು ಅಕ್ಕಾ. ಏನೂ ಮಾಡಾಕ ಬರಂಗಿಲ್ಲಂತ" ಎಂದೆ. ಅವಳು, "ನಾ ಜೋರ ಒತ್ತಿ ಒತ್ತಿ ಹಂಗಾತೇನೋ?" ಎಂದು ಕೇಳಿದಳು. ನಾನು ಇಲ್ಲ ಎನ್ನಲಿಲ್ಲ.

ಗಾಡಿ ಗುಜರಿಗೆ ಹೋಯಿತು. ಆಮೇಲೆ ನಾನೇ ಅವಳನ್ನು ಜೀಪಿನಲ್ಲಿ ಅಂಗಡಿಗಳಿಗೆ ಕರೆದೊಯ್ಯತೊಡಗಿದೆ. ಅಕ್ಕನ ಸಲುವಾಗಿ ಕೆಲಸ ಬಿಟ್ಟು ಬರುವ ತಮ್ಮ ಎಂದು ಓಣಿಯವರು ಹೊಗಳಿದರು. "ನಿನಗ ಹೊತ್ತಿದ್ರ ಹೋಗೂಣು" ಎಂದು ಅವಳು ಕೇಳುವ ದನಿ ಬರಬರುತ್ತ ಸಣ್ಣದಾಯಿತು. ನನಗೆ ಹೊತ್ತಿರುತ್ತಿದ್ದುದು ಕಡಿಮೆ. ಜೋಯಿಡಾ ತಪ್ಪಿತು, ಮುಂಡಗೋಡವೂ ತಪ್ಪಿತು. ಸುಮ್ಮನೆ ಎಲ್ಲಿಗಾದರೂ ಹೋಗಬೇಕೆಂದು ಅವಳು ಮತ್ತೆಂದೂ ಹೇಳಲಿಲ್ಲ.

ಈ ವರ್ಷ ಮಳೆ ಶುರುವಾದಾಗ ಹೇಳಿಬಿಟ್ಟೆ. ಅವಳು ಹೊಲಿಯುತ್ತಿದ್ದಳು. ಹಗ್ಗ, ಹುಬ್ಬಳ್ಳಿ, ಫೋನು, ಎಲ್ಲ ಹೇಳಿದೆ. ಮಷಿನ್ನು ನಿಂತಿತು.

"ರಿಪೇರಿ ಆಗ್ತಿತ್ತು?"

"ಆಗ್ತಿತ್ತು."

"ನಾ ಬೈತೇನಿ ಅಂತ ಅಂಜಿದ್ಯಾ?"

"ನನಗ ಗೊತ್ತಿಲ್ಲಂತ ನಿನಗ ಗೊತ್ತಾಗತೈತಿ ಅಂತ ಅಂಜಿದೆ."

ಸೂಜಿಯ ಕೆಳಗಿನ ಬಟ್ಟೆ ಬಿಡಿಸಿಕೊಂಡು ಮಡಚಿದಳು. "ನಾಳೆ ದಾಂಡೇಲಿಗೆ ನನ್ನ ಕೂಡ ಬರಬ್ಯಾಡ" ಎಂದಳು.

ಮರುದಿನ ಬಸ್ ನಿಲ್ದಾಣದ ಎದುರಿನ ಚಹಾದಂಗಡಿ ಬಳಿ ನಿಂತು ನೋಡಿದೆ. ಅಕ್ಕ ದಾಂಡೇಲಿ ಬಸ್ಸಿನೊಳಗೆ ಮೊದಲು ಬಟ್ಟೆಯ ಗಂಟನ್ನು ಇಟ್ಟು, ಎರಡೂ ಕೈಯಿಂದ ಬಾಗಿಲಿನ ಸರಳು ಹಿಡಿದು ಮೈಯನ್ನು ಮೇಲಕ್ಕೆ ಜಗ್ಗಿಕೊಂಡಳು. ಒಂದು ಸಲ ಜಾರಿದಳು. ನಾನು ರಸ್ತೆಗೆ ಇಳಿದೆ. ಅವಳಿಗೆ ನಾನು ಕಂಡೆ. ತಕ್ಷಣ ಹಿಂದೆ ನಿಂತಿದ್ದ, ಗುರುತಿಲ್ಲದ ಹೆಂಗಸಿನ ಕಡೆ ತಿರುಗಿ, "ಸ್ವಲ್ಪ ಕೈ ಕೊಡ್ರೀ ಅವ್ವಾ" ಎಂದಳು.